ಸುರೇಬಾನದಲ್ಲಿ ಒಂದು ರಾತ್ರಿಯ ಮುಕ್ಕಾಮು

ಹಗಲನ್ನು ಎಲ್ಲಿ ಬೇಕಾದರೂ ಕಳೆಯಬಹುದು. ಹೊತ್ತು ಇಳಿಯತೊಡಗಿದಾಗ ಮಾತ್ರ ದಾರಿಕಾರನ ಮನಸ್ಸು ಬೇರೆಯಾಗುತ್ತದೆ. ನೀರು ಎಲ್ಲಿದೆ, ಮರೆ ಎಲ್ಲಿದೆ, ಊರಿನವರು ಎಂತಹವರು—ಈ ಮೂರಕ್ಕೆ ಉತ್ತರ ದೊರೆಯದೆ ಅವನು ಹೆಗಲ ಗಂಟನ್ನು ಕೆಳಗಿಳಿಸಲಾರ. ಉತ್ತರ ಕರ್ನಾಟಕದಲ್ಲಿ ಈ ಇರುಳ ತಂಗುವಿಕೆಗೆ ‘ವಸ್ತಿ’ ಎಂಬ ಚೊಕ್ಕ ಮಾತಿದೆ. ‘ಇವತ್ತ ಎಲ್ಲಿ ವಸ್ತಿ?’ ಎಂದು ಕೇಳುತ್ತಾರೆ. ರಾತ್ರಿ ಹಳ್ಳಿಯಲ್ಲಿಯೇ ಉಳಿದು ಬೆಳಗಿನ ಜಾವ ಹೊರಡುವ ಬಸ್ಸಿಗೆ ‘ವಸ್ತಿ ಬಸ್ಸು’ ಎಂದೇ ಹೆಸರು. ದಂಡು ದಳ, ಸರಕಾರಿ ಸವಾರಿಗಳು ತಂಗಿದರೆ ಅದು ‘ಮುಕ್ಕಾಮು’. ಕಾಗದದ ಮೇಲೆ ವಿಳಾಸ ಬರೆಯುವಾಗ ಊರ ಹೆಸರಿಗೆ ಮೊದಲು ‘ಮು. ಪೋ.’ ಎಂದು ಎರಡಕ್ಷರ ಹಾಕುವ ರೂಢಿ ಈ ಸೀಮೆಯಲ್ಲಿ ಉಂಟಷ್ಟೆ. ಆ ‘ಮು’ ಎಂಬುದು ಈ ಮುಕ್ಕಾಮೇ. ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿ ಬಾಳಿದವನೂ ಅಂಚೆಯ ಲೆಕ್ಕದಲ್ಲಿ ಒಂದಿರುಳು ತಂಗಲು ಬಂದ ದಾರಿಕಾರನೇ!

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನ ಅಂತಹ ಒಂದು ಮುಕ್ಕಾಮಿನ ಊರು. ರಾಮದುರ್ಗವನ್ನು ಬಿಟ್ಟು ನರಗುಂದದ ಸೀಮೆಯ ಕಡೆಗೆ ಹೊರಟವರಿಗೆ ನಡುವೆ ಸಿಗುತ್ತದೆ. ನೆರೆಯ ಮನಿಹಾಳವನ್ನು ಜೊತೆಗೂಡಿಸಿ ‘ಸುರೇಬಾನ–ಮನಿಹಾಳ’ ಎಂದು ಒಂದೇ ಉಸಿರಿನಲ್ಲಿ ಹೇಳುವವರೇ ಹೆಚ್ಚು. ಇಲ್ಲಿಯ ನೆಲದ ಬಗೆಯೇ ಬೇರೆ. ಪಶ್ಚಿಮದಲ್ಲಿ ಸಹ್ಯಾದ್ರಿಯು ಮಳೆಯನ್ನೆಲ್ಲ ತಾನೇ ಕುಡಿದುಬಿಡುವುದರಿಂದ ಈ ಭಾಗಕ್ಕೆ ಬರುವುದು ಉಳಿದ ಮೋಡಗಳ ಪಾಲು. ವರ್ಷಕ್ಕೆ ೨೦ರಿಂದ ೨೫ ಇಂಚು ಬಿದ್ದರೆ ರೈತನು ಸಮಾಧಾನಪಡಬೇಕು. ಎರೆಭೂಮಿಯ ಬಯಲಿನಲ್ಲಿ ಬಿಳಿಜೋಳ, ಕಡಲೆ, ಮಸಾರಿಯಲ್ಲಿ ಶೇಂಗಾ, ಗುಡ್ಡದ ಮೇಲೆ ಜಾಲಿ, ಕಾರಿಗಿಡ, ಬಾರಿಗಿಡಗಳ ಪೊದೆ. ಇದನ್ನು ಮರುಭೂಮಿಯೆಂದರೆ ಭೂಗೋಳದ ಮೇಷ್ಟರು ಒಪ್ಪಲಾರರು. ಆದರೆ ಸುಗ್ಗಿ ಮುಗಿದು ಹೊಲಗಳು ಬತ್ತಲಾಗಿ, ಎರೆಯ ನೆಲ ಬಿರಿದು ಅಂಗೈ ತೂರುವಷ್ಟು ಸೀಳುಬಿಟ್ಟಾಗ, ವೈಶಾಖದ ಮಧ್ಯಾಹ್ನ ಬಯಲಿನಲ್ಲಿ ಬಿಸಿಲುಗುದುರೆ ಓಡತೊಡಗಿದಾಗ, ಆ ಮೇಷ್ಟರನ್ನು ಅಲ್ಲಿ ಒಂದು ಗಳಿಗೆ ನಿಲ್ಲಿಸಿದರೆ ಅವರೂ ಅಷ್ಟು ಖಂಡಿತವಾಗಿ ಮಾತನಾಡಲಾರರು.

ಇಂತಹ ನೆಲದಲ್ಲಿ ಇರುಳು ತಂಗುವವನಿಗೆ ಆಸರೆಯಾದದ್ದು ಕೊಳ್ಳ.

ಕಲ್ಲು ಸೀಳಿದ ನೀರು

ಕೊಳ್ಳವೆಂದರೆ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಮರಿ. ರಾಮದುರ್ಗ, ಸವದತ್ತಿ, ಬಾದಾಮಿಗಳ ಗುಡ್ಡಗಳೆಲ್ಲ ಬಹು ಪುರಾತನವಾದ ಮರಳುಗಲ್ಲಿನವು. ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ, ಕೆಲವೆಡೆ ಅದಕ್ಕೂ ಹಿಂದೆ, ಇಲ್ಲಿದ್ದ ಜಲಾಶಯಗಳ ತಳದಲ್ಲಿ ಪದರುಪದರಾಗಿ ಕುಳಿತ ಮರಳು ಮತ್ತು ಕೆಸರು ಕಲ್ಲಾಗಿ ಗಟ್ಟಿಗೊಂಡವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಎಂಬಾತನು ದಕ್ಷಿಣ ಮರಾಠಾ ಸೀಮೆಯನ್ನೆಲ್ಲ ತಿರುಗಿ, ಈ ಶಿಲೆಗಳನ್ನು ಪರೀಕ್ಷಿಸಿ, ೧೮೭೬ರಲ್ಲಿ ಹೊರಬಂದ ತನ್ನ ವರದಿಯಲ್ಲಿ ವಿವರಿಸಿದನು. ಕಲಾದಗಿ ಎಂಬ ಊರಿನ ಹೆಸರು ಇಂದಿಗೂ ಈ ಶಿಲಾಸಮೂಹದ ಹೆಸರಾಗಿ ವಿಜ್ಞಾನದ ಪುಸ್ತಕಗಳಲ್ಲಿ ನಿಂತಿದೆ.

ಮರಳುಗಲ್ಲು ನೋಡಲು ಗಟ್ಟಿಯಾದರೂ ಅದರ ಮೈಯೆಲ್ಲ ಬಿರುಕು. ಗುಡ್ಡದ ಮೇಲೆ ಬಿದ್ದ ಮಳೆಯ ಒಂದು ಪಾಲು ಹರಿದುಹೋದರೆ ಇನ್ನೊಂದು ಪಾಲು ಆ ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರನ್ನು ಬಿಡದ ಪದರು ಅಡ್ಡಬಂದಾಗ ಮುಂದಕ್ಕೆ ಇಳಿಯಲಾರದೆ ಪಕ್ಕಕ್ಕೆ ಹರಿದು, ಗುಡ್ಡವು ಸೀಳಿದ ಕಡೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ. ಆದ್ದರಿಂದ ಬಯಲಿನ ಬಾವಿ ಬತ್ತಿದ ಮೇಲೂ ಕೊಳ್ಳದಲ್ಲಿ ಕೊಡವೆರಡು ನೀರು ಸಿಗುವುದುಂಟು. ಬಾದಾಮಿಯ ಸುತ್ತಲಿನ ಮಹಾಕೂಟವಾಗಲಿ, ಗಜೇಂದ್ರಗಡದ ಕಡೆಯ ಕಾಲಕಾಲೇಶ್ವರವಾಗಲಿ, ಗುಡ್ಡದ ಒರತೆಯನ್ನು ನೆಚ್ಚಿಯೇ ಬೆಳೆದ ಕ್ಷೇತ್ರಗಳು. ಮೊದಲು ನೀರು, ಆಮೇಲೆ ನೆರಳು, ಅದರ ಹಿಂದೆ ದೇವರು.

ಸುರೇಬಾನದ ಸಮೀಪದ ಶಬರಿಕೊಳ್ಳದಲ್ಲಿ ಇದೇ ಅನುಕ್ರಮವನ್ನು ಕಾಣಬಹುದು. ಊರಿನಿಂದ ಸ್ವಲ್ಪವೇ ದೂರದಲ್ಲಿ ಬಯಲು ಮುಗಿದು ಗುಡ್ಡಗಳು ಎದ್ದು ನಿಲ್ಲುತ್ತವೆ. ಹೊರಗಿನಿಂದ ನೋಡಿದವರಿಗೆ ಒಳಗೆ ಇಂತಹ ಹಸುರು ಇರಬಹುದೆಂಬ ಸುಳಿವೇ ಸಿಗದು. ಕಮರಿಯೊಳಗೆ ಕಾಲಿಟ್ಟೊಡನೆ ಗಾಳಿ ತಂಪಾಗುತ್ತದೆ, ಮರಗಳು ದಟ್ಟವಾಗುತ್ತವೆ, ಕಲ್ಲಿನ ಹೊಂಡದಲ್ಲಿ ನೀರು. ಅದರ ಬಳಿ ಶಬರಿಯ ಹಳೆಯ ಕಲ್ಲಿನ ಗುಡಿ. ರಾಮಲಕ್ಷ್ಮಣರು ಸೀತೆಯನ್ನು ಅರಸುತ್ತ ಬಂದಾಗ ಶಬರಿಯು ಅವರನ್ನು ಸತ್ಕರಿಸಿದ್ದು ಇಲ್ಲಿಯೇ ಎಂಬುದು ಸುತ್ತಣ ಜನರ ದೃಢವಾದ ನಂಬಿಕೆ. ಪಂಪಾತೀರದವರು ಇದನ್ನು ಒಪ್ಪುವುದಿಲ್ಲ. ವಾಲ್ಮೀಕಿಯ ಪ್ರಕಾರ ಶಬರಿಯ ಆಶ್ರಮವಿದ್ದದ್ದು ಪಂಪಾ ಸರೋವರದ ದಡದಲ್ಲಿ. ಆನೆಗೊಂದಿಯ ಬಳಿಯ ಪಂಪಾ ಸರೋವರದಲ್ಲಿಯೂ ಶಬರಿಯ ಗುಹೆಯನ್ನು ತೋರಿಸುತ್ತಾರೆ. ಹಣ್ಣನ್ನು ಕಚ್ಚಿ ರುಚಿ ನೋಡಿ ಕೊಟ್ಟಳೆಂಬ ಪ್ರಸಂಗವೂ ವಾಲ್ಮೀಕಿ ರಾಮಾಯಣದಲ್ಲಿಲ್ಲ. ಅಲ್ಲಿ ಅವಳು ಕಾಡಿನ ಫಲಗಳನ್ನು ಕೂಡಿಟ್ಟು ಅರ್ಪಿಸುತ್ತಾಳೆ, ಅಷ್ಟೆ. ಎಂಜಲು ಹಣ್ಣು ನಂತರದ ಭಕ್ತರ ಕಾಣಿಕೆ. ಆದರೂ ಸುರೇಬಾನದ ಗುಡ್ಡದಲ್ಲಿ ಬಾರಿಹಣ್ಣನ್ನು ಬಾಯಿಗೆ ಹಾಕಿಕೊಂಡವರು ಒಂದು ಮಾತನ್ನು ಒಪ್ಪಬೇಕು. ಈ ಹಣ್ಣಿನಲ್ಲಿ ಸಿಹಿ ಯಾವುದು, ಒಗರು ಯಾವುದು ಎಂಬುದು ಮೇಲಿನಿಂದ ನೋಡಿದರೆ ತಿಳಿಯುವುದೇ ಇಲ್ಲ, ಕಚ್ಚಿಯೇ ತಿಳಿಯಬೇಕು. ಕಥೆಯನ್ನು ಬೆಳೆಸಿದವರು ಬಾರಿಗಿಡವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಮನೆಗೆ ಬಂದ ದಾರಿಕಾರನಿಗೆ, ಅವನು ಯಾರು ಏನು ಎಂದು ವಿಚಾರಿಸುವ ಮೊದಲೇ, ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಕೊಡುವ ಕಥೆಯಿದು. ಅದು ನೀರಿನ ಆಸರೆ ಇಷ್ಟು ವಿರಳವಾದ ನೆಲದಲ್ಲಿ ಬೇರೂರಿದ್ದು ಆಶ್ಚರ್ಯವಲ್ಲ.

ಚಕ್ಕಡಿಗಳ ಬೀಡು

ಬಸ್ಸುಗಳು ಬರುವ ಮೊದಲು ಈ ಸೀಮೆಯ ಹಾದಿಗಳಲ್ಲಿ ಇರುಳ ಬೀಡು ನಿತ್ಯದ ನೋಟ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಹೊರಟವರು, ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ಜಾತ್ರೆಗೆ ನಡೆದವರು, ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಪಯಣಿಸುತ್ತಿದ್ದರು. ಎಲ್ಲಮ್ಮನಿಗೆ ಇಂದಿಗೂ ಹರಕೆಯ ಚಕ್ಕಡಿಗಳು ಹೋಗುವುದುಂಟು; ಎತ್ತುಗಳ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬಂಡಿಯೊಳಗೆ ಮಕ್ಕಳು ಮರಿ, ದಾರಿಯುದ್ದಕ್ಕೂ ‘ಉಧೋ ಉಧೋ’.

ಬೀಡು ಬಿಡುವುದಕ್ಕೂ ಒಂದು ಶಾಸ್ತ್ರವಿದೆ. ನೀರಿಗೆ ಹತ್ತಿರವಿರಬೇಕು, ಆದರೆ ಹಳ್ಳದ ಪಾತ್ರದಲ್ಲಿ ಮಲಗಬಾರದು. ಕೊಳ್ಳದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ತಲೆಯ ಮೇಲೆ ನಕ್ಷತ್ರ ಮಿನುಗುತ್ತಿರುವಾಗಲೇ ಎಲ್ಲೋ ಗುಡ್ಡದಾಚೆ ಮಳೆ ಸುರಿದು, ಕಲ್ಲುನೆಲದಲ್ಲಿ ಇಂಗಲು ಎಡೆಯಿಲ್ಲದೆ, ಆ ನೀರೆಲ್ಲ ಒಮ್ಮೆಲೇ ಕಮರಿಗೆ ನುಗ್ಗಬಹುದು. ತಿಳಿದವರು ಪಾತ್ರದಿಂದ ಆಳೆತ್ತರ ಮೇಲಿನ ಸಮನೆಲವನ್ನು ಆರಿಸುತ್ತಾರೆ. ಚಕ್ಕಡಿಗಳ ನೊಗ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟಿ, ಮುಂದೆ ಕಣಿಕೆ ಹಾಕುತ್ತಾರೆ. ಹೆಂಗಸರು ಮೂರು ಕಲ್ಲು ಹೂಡಿ ಒಲೆ ಹೊತ್ತಿಸುತ್ತಾರೆ. ಮೊದಲ ದಿನ ಒಲೆಯ ಅವಶ್ಯಕತೆಯೂ ಇರುವುದಿಲ್ಲ; ಬುತ್ತಿಯ ಗಂಟಿನಲ್ಲಿ ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಸಜ್ಜೆಯ ಕಟಕ ರೊಟ್ಟಿ ವಾರವಿಟ್ಟರೂ ಕೆಡದು. ನಗರದ ಗೃಹಿಣಿಯರು ಬಿಸ್ಕತ್ತಿನ ಡಬ್ಬಗಳನ್ನು ಹುಡುಕುವ ಮೊದಲು ಇದನ್ನೊಮ್ಮೆ ಪರೀಕ್ಷಿಸಬಹುದು.

ಊಟವಾದ ಮೇಲೆ ಹಿರಿಯರೊಬ್ಬರು ಪಾಳಿ ಹಚ್ಚುತ್ತಿದ್ದರು: ಮೊದಲ ಜಾವಕ್ಕೆ ಇವನು, ನಡುರಾತ್ರಿಗೆ ಅವನು, ಬೆಳಗಿನ ಜಾವಕ್ಕೆ ಇನ್ನೊಬ್ಬ. ಬೆಂಕಿಯನ್ನು ಆರಗೊಡದೆ, ಎತ್ತುಗಳ ಮೇಲೆ ಕಣ್ಣಿಟ್ಟು, ನಿದ್ದೆ ಬಂದರೆ ಹಾಡು ಹೇಳಿಕೊಂಡು ಕೂರಬೇಕು. ಎಲ್ಲರೂ ಒಟ್ಟಿಗೆ ಮಲಗುವುದು ಮನೆಯೊಳಗಿನ ಮಾತು. ಬಯಲಲ್ಲಿ ಒಬ್ಬನಾದರೂ ಎದ್ದಿರಬೇಕು.

ಈ ಎಚ್ಚರವು ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ಟೆಕ್ಸಸ್ ಪ್ರಾಂತದ ಒಣನೆಲದಲ್ಲಿ ಪಾಲೋ ಡ್ಯೂರೋ ಎಂಬ ಮಹಾ ಕಮರಿಯಿದೆ. ಕೆಂಪು ಕಲ್ಲಿನ ಪದರುಗಳನ್ನು ಕೊರೆದು ನೂರಕ್ಕೂ ಹೆಚ್ಚು ಮೈಲಿ ಉದ್ದಕ್ಕೆ ಚಾಚಿದ ಈ ಕೊಳ್ಳದ ಒಂದು ಭಾಗವನ್ನು ೧೯೩೪ರಲ್ಲಿ ಪ್ರಾಂತ ಸರಕಾರವು ಸಾರ್ವಜನಿಕ ಉದ್ಯಾನವಾಗಿ ತೆರೆಯಿತು. ಈಗ ಅಲ್ಲಿಗೆ ಹೆಂಡಿರು ಮಕ್ಕಳೊಡನೆ ಬರುವವರು ಮೊದಲೇ ಜಾಗ ಕಾದಿರಿಸಿ, ಡೇರೆ ಹೊಡೆದು, ಒಂದು ರಾತ್ರಿ ನಕ್ಷತ್ರ ನೋಡುತ್ತ ಮಲಗಿ ಮರುದಿನ ಮುಂದಕ್ಕೆ ಸಾಗುತ್ತಾರೆ. ಆದರೆ ೧೮೭೪ರ ಸೆಪ್ಟೆಂಬರ್ ೨೮ರಂದು ಅದೇ ಕಮರಿಯಲ್ಲಿ ಬೀಡುಬಿಟ್ಟಿದ್ದ ಕೊಮಾಂಚಿ, ಕಯೋವಾ, ಶೆಯೆನ್ ಮೂಲನಿವಾಸಿಗಳ ಮೇಲೆ ಕರ್ನಲ್ ಮೆಕೆಂಜಿಯ ಸವಾರರು ನಸುಕಿನಲ್ಲಿ ಇಳಿದುಬಂದರು. ಸತ್ತ ಜನರು ಕೆಲವರೇ. ಆದರೆ ಅವರ ಡೇರೆಗಳನ್ನೂ ಚಳಿಗಾಲದ ಕೂಳನ್ನೂ ಸುಟ್ಟು, ಹಿಡಿದ ಕುದುರೆಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಗುಂಡಿಟ್ಟು ಕೊಂದರು. ಕುದುರೆಯಿಲ್ಲದ ಆ ಜನ ಮತ್ತೆ ತಲೆ ಎತ್ತಲಿಲ್ಲ.

ಅದಕ್ಕೆ ಹದಿನಾರು ವರ್ಷ ಮೊದಲು ಸುರೇಬಾನದಲ್ಲಿ ಇಂತಹುದೇ ಒಂದು ರಾತ್ರಿ ನಡೆದುಹೋಗಿತ್ತು. ಅಲ್ಲಿ ಮಲಗಿದ್ದವನು ನೆಲದ ಒಡೆಯನಲ್ಲ, ನೆಲವನ್ನು ಆಳಲು ಬಂದವನು.

ದತ್ತಕದ ಕಿಚ್ಚು

ನರಗುಂದ ಮತ್ತು ರಾಮದುರ್ಗ ಎರಡೂ ಭಾವೆ ಮನೆತನದ ಸಂಸ್ಥಾನಗಳು. ೧೮೫೮ರಲ್ಲಿ ನರಗುಂದವನ್ನು ಆಳುತ್ತಿದ್ದವನು ಭಾಸ್ಕರರಾವ್ ಭಾವೆ. ಜನರ ಬಾಯಲ್ಲಿ ಬಾಬಾಸಾಹೇಬ. ಓದುಬರಹದಲ್ಲಿ ಆಸಕ್ತಿಯುಳ್ಳವನು, ಗ್ರಂಥಗಳನ್ನು ಕೂಡಿಸಿದವನು. ಅವನಿಗಿದ್ದ ಕೊರಗು ಒಂದೇ, ಗಂಡುಸಂತಾನವಿಲ್ಲದ್ದು. ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರದ ಅಪ್ಪಣೆ ಬೇಡಿದನು. ಅಪ್ಪಣೆ ದೊರೆಯಲಿಲ್ಲ.

ಇದರಲ್ಲಿ ಒಂದು ಕಟುವಾದ ವ್ಯಂಗ್ಯವಿತ್ತು. ರಾಮದುರ್ಗದ ಗಾದಿಯ ಮೇಲಿದ್ದ ರಾಮರಾವ್ ಬಾಬಾಸಾಹೇಬನಿಗೆ ಮಲತಮ್ಮ. ನರಗುಂದದ ಮನೆಯಲ್ಲಿ ಹುಟ್ಟಿ ರಾಮದುರ್ಗಕ್ಕೆ ದತ್ತಕ ಹೋದವನು. ಒಂದೇ ತಂದೆಯ ಮಕ್ಕಳಲ್ಲಿ ಒಬ್ಬನು ದತ್ತಕದಿಂದಲೇ ಅರಸನಾಗಿದ್ದಾನೆ. ಇನ್ನೊಬ್ಬನ ಸಂಸ್ಥಾನವು ದತ್ತಕವಿಲ್ಲದೆ ಮುಳುಗಬೇಕಾಗಿದೆ. ಈ ಸೀಮೆಗೆ ಇಂತಹ ನಿರಾಕರಣೆ ಹೊಸದೂ ಅಲ್ಲ. ಕಿತ್ತೂರಿನ ದತ್ತಕವನ್ನು ಒಪ್ಪದೆ ಕೋಟೆಯ ಮುಂದೆ ಬಂದು ನಿಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ೧೮೨೪ರ ಅಕ್ಟೋಬರ್ ೨೩ರಂದು ಪ್ರಾಣ ತೆತ್ತಿದ್ದನು. ರಾಣಿ ಚೆನ್ನಮ್ಮನ ಹೆಸರು ಆಗಲೇ ಮನೆಮಾತಾಗಿತ್ತು. ಮೂವತ್ತನಾಲ್ಕು ವರ್ಷಗಳಲ್ಲಿ ಸರಕಾರವು ಇದರಿಂದ ಕಲಿತದ್ದು ಸ್ವಲ್ಪವೇ.

ಅರಸರ ಕೊರಗು ಅರಸರದಾದರೆ, ಸಾಮಾನ್ಯ ಭೂಮಿದಾರರಿಗೆ ಕೊರಗಿದ್ದದ್ದು ಇನಾಂ ಕಮಿಷನ್ನಿನಿಂದ. ೧೮೫೨ರ ಕಾಯಿದೆಯಂತೆ ಮುಂಬಯಿ ಇಲಾಖೆಯಲ್ಲಿ ಏರ್ಪಟ್ಟ ಈ ಮಂಡಲಿಯು, ತಲೆತಲಾಂತರದಿಂದ ಇನಾಮು ಉಣ್ಣುತ್ತಿದ್ದವರನ್ನು ಕರೆದು, ‘ಸನದು ಎಲ್ಲಿದೆ, ತೋರಿಸು’ ಎನ್ನುತ್ತಿತ್ತು. ಮುತ್ತಜ್ಜನ ಕಾಲದ ಕಾಗದ ಕೆಲವರ ಮನೆಯಲ್ಲಿ ಗೆದ್ದಲಿಗೆ ಆಹಾರವಾಗಿತ್ತು. ಕೆಲವರಿಗೆ ಕಾಗದವೆಂಬುದೇ ಇರಲಿಲ್ಲ, ಮಾತೇ ಸನದು. ಅಂತಹವರ ಭೂಮಿಗೆ ಕಂದಾಯ ಬಿದ್ದಿತು, ಇಲ್ಲವೆ ಅದು ಕೈಬಿಟ್ಟಿತು. ಆ ಕಮಿಷನ್ನಿನಲ್ಲಿ ಚುರುಕಾಗಿ ಕೆಲಸ ಮಾಡಿದ್ದ ಅಧಿಕಾರಿಗಳಲ್ಲೊಬ್ಬನು ಚಾರ್ಲ್ಸ್ ಮ್ಯಾನ್ಸನ್.

೧೮೫೭ರಲ್ಲಿ ಉತ್ತರದಲ್ಲಿ ದಂಗೆ ಎದ್ದ ಬಳಿಕ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯೂ ಇಲ್ಲಿಗೆ ಬಂದಿತು. ಆಯುಧವೇ ಬಾಳ್ವೆಯಾಗಿದ್ದ ಹಲಗಲಿಯ ಬೇಡರು ಅದನ್ನು ಒಪ್ಪದೆ ಆ ವರ್ಷದ ನವೆಂಬರಿನಲ್ಲಿ ತಿರುಗಿಬಿದ್ದರು. ಹಳ್ಳಿಯೇ ಬೆಂಕಿಗೆ ಆಹುತಿಯಾಯಿತು. ೧೮೫೮ರ ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಭೀಮರಾಯನು ಬಂಡೆದ್ದು ಕೊಪ್ಪಳದ ಕೋಟೆಯನ್ನು ಹಿಡಿದನು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜಂಟನ ಅಧಿಕಾರವನ್ನು ಹೊಸದಾಗಿ ವಹಿಸಿಕೊಂಡಿದ್ದವನು ಇದೇ ಮ್ಯಾನ್ಸನ್. ಸಂಸ್ಥಾನಿಕರನ್ನು ಕಂಡು ಸಮಾಧಾನ ಹೇಳಬೇಕೆಂದು ಅವನು ಸಂಚಾರದಲ್ಲಿದ್ದನು. ಸನದು ಕೇಳಿದ ಬಾಯಿಂದಲೇ ಸಮಾಧಾನದ ಮಾತು ಬಂದರೆ ಕೇಳುವವರಿಗೆ ಹೇಗಿದ್ದೀತು?

ಮೇ ೨೯ರ ಇರುಳು

ಮ್ಯಾನ್ಸನ್ ರಾಮದುರ್ಗವನ್ನು ತಲಪಿದಾಗ ಅವನ ಸಂಗಡ ಇದ್ದದ್ದು ಸವಾರರ ಸಣ್ಣದೊಂದು ಪಹರೆ ಮಾತ್ರ. ರಾಮರಾವ್ ಅವನಿಗೆ ನಿಜಸ್ಥಿತಿಯನ್ನು ಮರೆಮಾಚಲಿಲ್ಲ. ಅಣ್ಣನ ಮನಸ್ಸು ಕೆಟ್ಟಿದೆ, ನರಗುಂದದ ಕಡೆಯ ಹಾದಿ ಕ್ಷೇಮವಲ್ಲ ಎಂದು ಎಚ್ಚರಿಸಿದನು. ರಾಮರಾವನ ಸ್ಥಿತಿ ಊಹಿಸಲು ಯೋಗ್ಯವಾದುದು. ಎಚ್ಚರಿಕೆ ಕೊಟ್ಟರೆ ಒಡಹುಟ್ಟಿದವನಿಗೆ ದ್ರೋಹ. ಕೊಡದಿದ್ದರೆ ಮನೆಗೆ ಬಂದ ಅತಿಥಿಗೆ ದ್ರೋಹ, ಅದರ ಮೇಲೆ ಸಂಸ್ಥಾನಕ್ಕೂ ಸಂಚಕಾರ. ಅವನು ಎಚ್ಚರಿಕೆ ಕೊಡುವುದನ್ನೇ ಆರಿಸಿದನು. ಮ್ಯಾನ್ಸನ್ ದಂಡಿಗಾಗಿ ಹೇಳಿಕಳುಹಿಸಿದನು. ಆದರೆ ಅದು ಬರುವವರೆಗೆ ರಾಮದುರ್ಗದ ಗೋಡೆಗಳೊಳಗೆ ನಿಲ್ಲಲಿಲ್ಲ. ಮೇ ೨೯ರಂದು ಪಲ್ಲಕ್ಕಿ ಹೊರಟಿತು. ಸುರೇಬಾನದಲ್ಲಿ ರಾತ್ರಿಯ ಮುಕ್ಕಾಮು.

ಬೇಸಗೆಯಲ್ಲಿ ಹಗಲಿನ ಬಿಸಿಲನ್ನು ತಪ್ಪಿಸಿ ತಂಪುಹೊತ್ತಿನಲ್ಲಿ ಪಲ್ಲಕ್ಕಿಯಲ್ಲಿ ಪಯಣಿಸುವುದು ಆಗಿನ ಇಂಗ್ಲಿಷ್ ಅಧಿಕಾರಿಗಳ ರೂಢಿ. ಪಲ್ಲಕ್ಕಿಯೇ ಮಂಚ, ಪಲ್ಲಕ್ಕಿಯೇ ಕೋಣೆ. ಬೋಯಿಗಳು ದಣಿದಲ್ಲಿ ಇಳಿಸಿದರೆ ಒಳಗಿನವನು ಎದ್ದೇಳದೆ ನಿದ್ದೆ ಮುಂದುವರಿಸಬಹುದಾಗಿತ್ತು. ಚಳಿಗಾಲದ ಸಂಚಾರದಲ್ಲಾದರೆ ಡೇರೆಗಳ ಸಾಲು, ಅಡಿಗೆಯವರು, ಪೇದೆಗಳು, ಲಾಂದರಗಳು, ಊರ ಗೌಡ–ಕುಲಕರ್ಣಿಗಳ ಓಡಾಟ. ಈ ಮುಕ್ಕಾಮಿನಲ್ಲಿ ಅಂತಹ ಸಂಭ್ರಮವೇನೂ ಇರಲಿಲ್ಲ. ಮೇ ತಿಂಗಳ ಸೆಕೆ. ದಣಿದ ಸವಾರರು, ದಣಿದ ಬೋಯಿಗಳು. ಹುಣ್ಣಿಮೆ ಕಳೆದು ಒಂದೆರಡು ದಿನವಾಗಿತ್ತಷ್ಟೆ. ಕತ್ತಲಾದ ಸ್ವಲ್ಪ ಹೊತ್ತಿಗೆ ಮೂಡಿದ ಚಂದ್ರನು ನಡುರಾತ್ರಿಯ ಹೊತ್ತಿಗೆ ಬಯಲನ್ನೆಲ್ಲ ಬೆಳಗುತ್ತಿದ್ದಿರಬೇಕು. ಮ್ಯಾನ್ಸನ್ ಪಲ್ಲಕ್ಕಿಯೊಳಗೇ ನಿದ್ರಿಸಿದನು.

ಬಾಬಾಸಾಹೇಬನಿಗೆ ಸುದ್ದಿ ತಲಪಿತ್ತು. ಕುದುರೆ–ಕಾಲಾಳುಗಳ ನೂರಾರು ಜನರ ಪಡೆಯೊಡನೆ ಅವನೇ ಹೊರಟುಬಂದನು. ನಡುರಾತ್ರಿಯ ಸುಮಾರಿಗೆ ಬೀಡನ್ನು ಸುತ್ತಿದರು. ಗದ್ದಲಕ್ಕೆ ಎಚ್ಚೆತ್ತ ಮ್ಯಾನ್ಸನ್ ಪಿಸ್ತೂಲು ಹಾರಿಸಿದನು, ಒಬ್ಬನಿಗೆ ಗಾಯವಾಯಿತು. ಎರಡನೆಯ ಅವಕಾಶ ದೊರೆಯಲಿಲ್ಲ. ಅವನ ತಲೆಯನ್ನು ಕಡಿದು ನರಗುಂದಕ್ಕೆ ಒಯ್ದು ಊರ ಅಗಸೆಯ ಬಾಗಿಲಿಗೆ ತೂಗಹಾಕಿದರು. ದೇಹವನ್ನು ಬೆಂಕಿಗೆ ಎಸೆದರು. ಪಹರೆಯವರಲ್ಲಿಯೂ ಹಲವರು ಸತ್ತರು. ಇಂತಹ ಸಂಗತಿಗಳಲ್ಲಿ ಇತಿಹಾಸಕಾರರು ದೊರೆಯ ಹೆಸರನ್ನೂ ಸಾಹೇಬನ ಹೆಸರನ್ನೂ ಬರೆದುಕೊಳ್ಳುತ್ತಾರೆ. ಸಂಬಳಕ್ಕೆ ಕಾವಲು ನಿಂತವರ ಹೆಸರುಗಳಿಗೆ ಪುಟದಲ್ಲಿ ಸ್ಥಳವಿರುವುದಿಲ್ಲ.

ಮುಂದೆ ನಡೆದದ್ದು ಬಹು ಬೇಗ ನಡೆದುಹೋಯಿತು. ಜೂನ್ ೧ರಂದು ಕರ್ನಲ್ ಮಾಲ್ಕಮನ ದಂಡು ನರಗುಂದದ ಮುಂದೆ ನಿಂತಿತು. ಮರುದಿನದ ಹೊತ್ತಿಗೆ ಊರೂ ಗುಡ್ಡದ ಮೇಲಿನ ಕೋಟೆಯೂ ಅವರ ಕೈಸೇರಿದ್ದವು. ಶಿವಾಜಿಯ ಕಾಲದಿಂದ ಹೆಸರಾಗಿದ್ದ, ಟಿಪ್ಪುವಿನ ಸೈನ್ಯವನ್ನು ತಿಂಗಳುಗಟ್ಟಲೆ ಕಾಯಿಸಿದ ಕೋಟೆ ಅದು. ಈ ಸಲ ಒಂದು ವಾರವೂ ನಿಲ್ಲಲಿಲ್ಲ. ಕೊಪ್ಪಳದಲ್ಲಿ ಭೀಮರಾಯನೂ ಅದೇ ದಿನಗಳಲ್ಲಿ ಮಡಿದನು. ಬಾಬಾಸಾಹೇಬನು ಕೆಲವೇ ಅನುಚರರೊಡನೆ ತಪ್ಪಿಸಿಕೊಂಡು, ಪಂಢರಪುರದ ಯಾತ್ರಿಕರ ವೇಷದಲ್ಲಿ ಉತ್ತರಕ್ಕೆ ನಡೆದನು. ಬೆಳಗಾವಿಯ ಪೋಲೀಸ್ ಅಧಿಕಾರಿ ಫ್ರಾಂಕ್ ಸೌಟರ್ ಬೆನ್ನುಹತ್ತಿ ತೊರಗಲ್ಲಿನ ಕಾಡಿನಲ್ಲಿ ಅವನನ್ನು ಸೆರೆಹಿಡಿದನು. ಈತನೇ ಮುಂದೆ ಮುಂಬಯಿಯ ಪೋಲೀಸ್ ಕಮಿಷನರನಾಗಿ ಸರ್ ಪದವಿ ಪಡೆದವನು.

ತೊರಗಲ್ಲು ಇರುವುದು ಇದೇ ರಾಮದುರ್ಗ ತಾಲ್ಲೂಕಿನಲ್ಲಿ, ಮಲಪ್ರಭೆಯ ದಡದಲ್ಲಿ. ಮಲಗಿದ್ದ ಸಾಹೇಬನನ್ನು ಕೊಂದ ಅರಸನು ನಾಲ್ಕು ದಿನಗಳೊಳಗೆ ತಾನೇ ವಸ್ತಿ ಅರಸುವ ದಾರಿಕಾರನಾಗಿದ್ದನು. ಜೂನ್ ೧೨ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಸುರೇಬಾನದ ಆ ರಾತ್ರಿಯಿಂದ ಲೆಕ್ಕಹಾಕಿದರೆ ಹದಿನಾಲ್ಕು ದಿನ. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಬಿದ್ದು ಪ್ರಾಣಬಿಟ್ಟರು. ದತ್ತಕನ ಹೆಸರಿಗೆ ಉಳಿಸಿಕೊಳ್ಳಬೇಕೆಂದಿದ್ದ ಸಂಸ್ಥಾನವು ಸರಕಾರಕ್ಕೆ ಸೇರಿತು. ರಾಮದುರ್ಗವಾದರೋ ೧೯೪೮ರವರೆಗೂ ಬಾಳಿತು.

ಬಾಬಾಸಾಹೇಬನನ್ನು ನರಗುಂದದವರು ಇಂದಿಗೂ ಸ್ವಾತಂತ್ರ್ಯವೀರನೆಂದು ನೆನೆಯುತ್ತಾರೆ. ಅವನಿಗಾದ ಅನ್ಯಾಯವನ್ನು ತೂಗಿ ನೋಡಿದವರು ಅದನ್ನು ತಪ್ಪೆನ್ನಲಾರರು. ಬರಿಯ ಒಂದು ಸಹಿಯಿಂದ ಮನೆತನಗಳನ್ನು ಅಳಿಸುತ್ತಿದ್ದ ಸರಕಾರದೆದುರು ಕತ್ತಿ ಹಿರಿಯಲು ಎದೆ ಬೇಕಾಗಿತ್ತು. ಗೆಲುವಿನ ಆಸೆ ಬಹಳವಿರಲಿಲ್ಲವೆಂಬುದೂ ಅವನಿಗೆ ತಿಳಿಯದ ಸಂಗತಿಯಾಗಿರಲಾರದು. ಆದರೂ ಸುರೇಬಾನದ ರಾತ್ರಿಯನ್ನು ಓದುವಾಗ ಕಿತ್ತೂರಿನ ಕೋಟೆಯ ಮುಂದಿನ ಹಗಲನ್ನು ಓದುವಾಗಿನ ಹುರುಪು ಬರುವುದಿಲ್ಲ. ಥ್ಯಾಕರೆ ಬಿದ್ದದ್ದು ತೋಪುಗಳ ಎದುರಿನಲ್ಲಿ. ಮ್ಯಾನ್ಸನ್ ಸತ್ತದ್ದು ಹಾಸಿಗೆಯಿಂದ ಎಚ್ಚರವಾದ ಗಳಿಗೆಯಲ್ಲಿ. ಅವನನ್ನು ಕೆಚ್ಚೆದೆಯವನೆಂದು ಹೊಗಳಿದ ಆಗಿನ ಇಂಗ್ಲಿಷ್ ಬರಹಗಾರರೂ ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿಲ್ಲ. ಸೀಮೆಯೆಲ್ಲ ಕುದಿಯುತ್ತಿದೆಯೆಂದು ಬಲ್ಲವನು, ಆತಿಥ್ಯ ಕೊಟ್ಟವನೇ ಹೋಗಬೇಡವೆಂದ ಮೇಲೂ, ಹಿಡಿ ಜನರನ್ನು ಕಟ್ಟಿಕೊಂಡು ಬಯಲಲ್ಲಿ ಏಕೆ ಮಲಗಿದನು? ಧೈರ್ಯವೆಂದರೂ ಸರಿಯೆ. ಆದರೆ ಇಲ್ಲಿ ತನ್ನ ಮೇಲೆ ಕೈಮಾಡುವವರಾರೂ ಇರಲಾರರೆಂಬ, ಆಳುವವರಿಗೆ ಸಹಜವಾದ ನೆಚ್ಚಿಕೆಯೂ ಅದರಲ್ಲಿ ಸೇರಿತ್ತೆಂದು ತೋರುತ್ತದೆ. ಚಕ್ಕಡಿಯ ಹಿ‌ರಿಯನು ಪಾಳಿ ಹಚ್ಚದೆ ಮಲಗುತ್ತಿರಲಿಲ್ಲ. ಅವನಿಗೆ ಅಂತಹ ನೆಚ್ಚಿಕೆ ಇರಲು ಕಾರಣವೇ ಇರಲಿಲ್ಲ.

ಹೋಗಬೇಕೆನ್ನುವವರಿಗೆ

ಸುರೇಬಾನ ಈಗ ಶಾಲೆ, ಕಾಲೇಜು, ಸಂತೆ, ಬಸ್ಸುಗಳ ಗದ್ದಲವಿರುವ ದೊಡ್ಡ ಊರು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಂದ ಹೊರಟವರು ರಾಮದುರ್ಗವನ್ನೋ ನರಗುಂದವನ್ನೋ ಮುಟ್ಟಿ ಅಲ್ಲಿಂದ ಹೋಗಬಹುದು. ಶಬರಿಕೊಳ್ಳದ ಸೊಬಗು ಮಳೆಗಾಲ ಮುಗಿಯುತ್ತಿರುವಾಗ ಹೆಚ್ಚು. ಆಗ ಒರತೆ ತುಂಬಿ ಹರಿಯುತ್ತದೆ, ಗುಡ್ಡ ಹಸುರಾಗಿರುತ್ತದೆ. ಬಾರಿಹಣ್ಣು ಬೇಕೆನ್ನುವವರು ಚಳಿಗಾಲಕ್ಕೆ ಕಾಯಬೇಕು. ಸಂಕ್ರಾಂತಿಯಂದು ಹೊಳೆ, ಹಳ್ಳ, ಕೊಳ್ಳಗಳಿಗೆ ಬುತ್ತಿ ಕಟ್ಟಿಕೊಂಡು ಹೋಗಿ ಮಿಂದು ಉಣ್ಣುವ ಪದ್ಧತಿ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ಕೊಳ್ಳದ ನೆರಳಿನಲ್ಲಿ ಕುಳಿತು ಉಂಡ ಸಜ್ಜೆ ರೊಟ್ಟಿಯ ರುಚಿಯೇ ಬೇರೆ.

ಒಂದೇ ಪ್ರವಾಸದಲ್ಲಿ ಇಡೀ ಕಥೆಯನ್ನು ಕಾಲ್ನಡೆಯಲ್ಲಿ ಅಲ್ಲದಿದ್ದರೂ ಕಣ್ನಡೆಯಲ್ಲಿ ಮುಗಿಸಬಹುದು. ದಕ್ಷಿಣಕ್ಕೆ ನರಗುಂದದ ಗುಡ್ಡ, ಬಯಲಿನ ನಡುವೆ ಒಂಟಿಯಾಗಿ ಕುಳಿತಂತೆ. ಮೇಲೆ ಹತ್ತಿದರೆ ಮುರಿದ ಗೋಡೆಗಳು, ನೀರಿನ ಹೊಂಡಗಳು. ಉತ್ತರಕ್ಕೆ ತೊರಗಲ್ಲಿನ ಕೋಟೆ, ಭೂತನಾಥನ ಹಳೆಯ ದೇಗುಲ, ಅದರ ಕೆಳಗೆ ಮಲಪ್ರಭೆ. ಅವೆರಡರ ನಡುವೆ ಸುರೇಬಾನ.

ರಾತ್ರಿ ತಂಗುವ ಮನಸ್ಸಿದ್ದವರು ಕತ್ತಲಾಗುವ ಮೊದಲೇ ಊರಿನ ಹಿರಿಯರನ್ನು ಕಂಡು ಮಾತನಾಡಿಸುವುದು ಒಳ್ಳೆಯದು. ಕೊಳ್ಳದಲ್ಲಿ ಎಲ್ಲಿ ಮಲಗಬಹುದು, ಎಲ್ಲಿ ನೀರು ಏರುತ್ತದೆ, ಯಾವ ಕಡೆ ಹಾವುಗಳ ಕಾಟ, ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂಬುದೆಲ್ಲ ಅವರಿಂದಲೇ ತಿಳಿಯಬೇಕು. ಮೊದಲು ‘ಯಾವೂರವರ್ರೀ?’ ಎಂದು ಕೇಳುತ್ತಾರೆ. ಆಮೇಲೆ ‘ಊಟ ಆಯ್ತೇನ್ರೀ?’ ಎನ್ನುತ್ತಾರೆ. ಎರಡನೆಯ ಪ್ರಶ್ನೆಗೆ ಆಗಿಲ್ಲವೆಂದು ಉತ್ತರಿಸಿದವರಿಗೆ ಬುತ್ತಿಯ ಗಂಟನ್ನು ಬಿಚ್ಚುವ ಪ್ರಸಂಗ ಬಹುಶಃ ಬರಲಾರದು.